ಎರಡು ಹೆಬ್ಬೆರಳಿನ ಗಂಟು

ಕುಣಿಕೆಯೊಳಗೆ ಸಬ್ ಇನ್ಸ್‌ಪೆಕ್ಟರ್ ಕೋದಂಡಪ್ಪನ ಎರಡು ಹೆಬ್ಬೆರಳು ತೂರಿದವು. ಅಷ್ಟಕ್ಕೇ ಅದು ತುಂಬಿಹೋಯಿತು.

ಬೆರಳುಗಳನ್ನು ಹಾಗೇ ಇಟ್ಟುಕೊಂಡು ಅವನು ಬೆಳಕಿಗೆ ತಿರುಗಿಸಿ ನೋಡಿದ. ಜಪ್ತಿ ಸಾಮಾನಿಡುವ ಮುದ್ದೆಮಾಲಿನ ಕೋಣೆಯ ಕಿಟಕಿಯಿಂದ ಬೆಳಗಿನ ಬಿಸಿಲು ಆ ಮಣ್ಣು ಮೆತ್ತಿದ ಬಟ್ಟೆಚೂರಿನ ಮೇಲೆ ಬಿದ್ದಿತ್ತು. ಗೇಣುದ್ದದ ಚೂರು, ಗಂಟು ಹಾಕಿದ್ದು ಹಾಕಿದಂತೆಯೇ ಇತ್ತು. ಅದಕ್ಕೊಂದು ಚೀಟಿ, ಚೀಟಿಯ ಮೇಲೊಂದು ನಂಬರು. ನಾಳೆ ಹನ್ನೊಂದು ಗಂಟೆಗೆ ಕೋಲಾರದ ಸೆಷನ್ಸ್ ಕೋರ್ಟಿನಲ್ಲಿ ಕೊಲೆ ಆರೋಪಿ ಪೆರುಮಾಳನ ಕೊರಳಿಗೆ ಹಗ್ಗ ಹೊಸೆಯುವ ಎಳೆಗಳಲ್ಲಿ ಇದೂ ಒಂದು.

ಪಂಚನಾಮೆಯ ಮಾತು ಅವನಿಗೆ ಬಾಯಿಪಾಠವಾಗಿತ್ತು. ಮೃತನ ಎರಡೂ ಕಾಲುಗಳನ್ನು ಟವೆಲಿನ ಅಂಚಿನಿಂದ ಬಿಗಿದು ಕಟ್ಟಲಾಗಿತ್ತು. ಪೆರುಮಾಳ್ ಕಾಲು ಕಟ್ಟಿ, ಜೀವವಿರುವಾಗಲೇ ಗಣಿಯ ಹಳೇ ಶಾಫ್ಟಿನ ಬಾವಿಗೆ ನೂಕಿದ ಎಂದು ಸರ್ಕಾರಿ ವಕೀಲರು ವಾದಿಸಲಿದ್ದರು. ಗಣಿಯ ಕಾವಲುಗಾರ ಮುನಿಸ್ವಾಮಪ್ಪ ಸತ್ತದ್ದು ಹಾಗೆಯೇ ಎಂದು ನಾಲ್ಕು ತಿಂಗಳಿಂದ ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರ ಲೈನು ಮನೆಗಳಿಂದ ಹಿಡಿದು ಬಂಗಾರಪೇಟೆಯ ಸಂತೆಯವರೆಗೆ ಎಲ್ಲರೂ ನಂಬಿದ್ದರು. ಕೋದಂಡಪ್ಪನೂ ನಂಬಿದ್ದ.

ಆದರೆ ಎರಡು ಹೆಬ್ಬೆರಳಷ್ಟು ಕುಣಿಕೆಯಲ್ಲಿ ಮನುಷ್ಯನ ಕಾಲು ಹಿಡಿಸುವುದಿಲ್ಲ. ಎಳೆಕೂಸಿನ ಕಾಲೂ ಹಿಡಿಸುವುದಿಲ್ಲ.

ಇಂಥದೇ ಗಂಟೊಂದನ್ನು ಅವನು ತನ್ನ ಕೈಯಾರೆ ಹಾಕಿದ್ದ. ಕ್ಯಾಸಂಬಳ್ಳಿಯ ಮನೆಯಲ್ಲಿ ಅವ್ವ ಉಸಿರು ಬಿಟ್ಟ ಸಂಜೆ, ಮೈ ತಣ್ಣಗಾಗುವ ಮುಂಚೆ ಕಟ್ಟಿಬಿಡಪ್ಪಾ ಎಂದು ಚಿಕ್ಕಮ್ಮ ದಾರ ಕೈಗಿಟ್ಟಿದ್ದಳು. ಅವ್ವನ ಎರಡು ಕಾಲಿನ ಹೆಬ್ಬೆರಳನ್ನೂ ಜೋಡಿಸಿ ಅವನು ಕಟ್ಟಿದ್ದ. ಬೆರಳು ಜೋಡಿಸಿ ಕಟ್ಟಿದರೆ ಸತ್ತವರು ಎದ್ದು ನಡೆಯುವುದಿಲ್ಲ ಎನ್ನುತ್ತಾರೆ ಹಳಬರು.

ಬದುಕಿರುವವನಿಗೆ ಯಾರೂ ಹಾಗೆ ಕಟ್ಟುವುದಿಲ್ಲ. ಸತ್ತ ಮೇಲೆ ಕಟ್ಟುತ್ತಾರೆ. ಅದೂ ತಮ್ಮವರಿಗೆ ಮಾತ್ರ.

ಮುನಿಸ್ವಾಮಪ್ಪನ ಹೆಣ ತೆಗೆದ ದಿನ ಕೋದಂಡಪ್ಪ ತಲೆ ಬೋಳಿಸಿಕೊಂಡು ಅವ್ವನ ಕರ್ಮದಲ್ಲಿದ್ದ. ಅವನ ಬದಲಿಗೆ ಬಂದ ಸಾಹೇಬರು ಶಾಫ್ಟಿನ ಬಾಯಿಂದ ಹತ್ತು ಮಾರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರಂತೆ. ಕೆಳಗಿಳಿದವರು ಹಗ್ಗದ ಕೆಲಸದ ಇಬ್ಬರು. ಅವರು ಬಟ್ಟೆಚೂರು ತಂದು ಕೊಟ್ಟು, ಕಾಲಿಗೆ ಕಟ್ಟಿತ್ತು ಎಂದಿದ್ದರು. ಸಾಹೇಬರು ಹಾಗೇ ಬರೆಸಿದ್ದರು.

ಈಗ ಉಳಿದದ್ದು ಜಯರಾಮಪ್ಪನ ಹೇಳಿಕೆ. ಅವನು ಮಾಫಿ ಸಾಕ್ಷಿ, ಜೊತೆಗಾರನ ಮೇಲೆ ಸಾಕ್ಷಿ ಹೇಳುವುದಕ್ಕೆ ಬದಲಾಗಿ ಕ್ಷಮೆ ಪಡೆದವನು. ಪೆರುಮಾಳನೂ ಅವನೂ ಸೇರಿ ಚಿನ್ನದ ಕಲ್ಲು ಕದ್ದು, ಗಾಡಿಯಲ್ಲಿ ತರಕಾರಿ ಮೂಟೆಗಳ ಅಡಿಯಲ್ಲಿಟ್ಟು ಸಾಗಿಸುತ್ತಿದ್ದರು. ಅಂದು ಮಧ್ಯಾಹ್ನ ಕಾವಲುಗಾರ ಅಡ್ಡ ಬಂದ. ಪೆರುಮಾಳ್ ಕಬ್ಬಿಣದ ಸರಳಿನಿಂದ ಹೊಡೆದು, ಕಾಲು ಕಟ್ಟಿ ಕೆಳಗೆ ನೂಕಿದ. ನಾನು ಎತ್ತುಗಳ ಮೂಗುದಾರ ಹಿಡಿದು ದೂರದಲ್ಲಿ ನಿಂತಿದ್ದೆ, ಶಾಫ್ಟಿನೊಳಗೆ ಇಣುಕಿಯೂ ನೋಡಲಿಲ್ಲ. ಹೀಗೆಂದು ಅವನು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿದ್ದ. ಸತ್ತವನು ಬೇರೆ ಯಾರೂ ಅಲ್ಲ, ಸ್ವಂತ ಅಕ್ಕನ ಗಂಡ. ಅಕ್ಕನ ತಾಳಿ ಕಿತ್ತವನ ಮೇಲೆ ತಮ್ಮ ಸಾಕ್ಷಿ ಹೇಳಿದರೆ ಯಾರು ತಾನೇ ನಂಬುವುದಿಲ್ಲ?

ಯಾರೂ ಇಳಿಯಲೇ ಇಲ್ಲವಾದರೆ ಬೆರಳು ಕಟ್ಟಿದವರು ಯಾರು?

ಕೋದಂಡಪ್ಪ ಬಟ್ಟೆಚೂರನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಪುಸ್ತಕದಲ್ಲಿ ಸಹಿ ಮಾಡಿ, ಮಾರಿಕುಪ್ಪಂ ರೈಲುಗಾಡಿ ಹಿಡಿಯಲು ಸ್ಟೇಷನ್ನಿಗೆ ನಡೆದ.

*

ಚಾಂಪಿಯನ್ ರೀಫ್ಸಿನಲ್ಲಿ ಇಳಿದು ಮೊದಲು ಹಗ್ಗದ ಚಲಪತಿಯನ್ನು ಹುಡುಕಿದ. ಹೆಣ ತೆಗೆಯಲು ಇಳಿದವರಲ್ಲಿ ಚಲಪತಿ ಒಬ್ಬ. ಅವನು ಬೀಡಿ ಆರಿಸಿ ಎದ್ದು ನಿಂತು, ಕೇಳಿದ್ದಕ್ಕೆ ಉತ್ತರ ಹೇಳಿದ. ಕಾಲಿಗೆ ಎಂದರೆ ಕಾಲಿನ ಹೆಬ್ಬೆಟ್ಟಿಗೇ. ಇನ್ನೆಲ್ಲಿಗೆ ಕಟ್ಟುತ್ತಾರೆ? ನಲವತ್ತಡಿ ಕೆಳಗೆ ಮೊದಲನೇ ಅಟ್ಟಣೆಯ ಮೇಲೆ ಹೆಣ ನೆಟ್ಟಗೆ ಮಲಗಿತ್ತು, ಕಣ್ಣು ಮುಚ್ಚಿತ್ತು. ಏಣಿಗೆ ಸಿಕ್ಕಿಕೊಳ್ಳುತ್ತದೆಂದು ತಾನೇ ಗಂಟನ್ನು ಜಾರಿಸಿ ತೆಗೆದನಂತೆ.

"ಮೊದಲೇ ಯಾಕಯ್ಯ ಹೇಳಲಿಲ್ಲ?"

"ಕಟ್ಟಿತ್ತಾ ಅಂದ್ರು, ಊ ಅಂದೆ. ಯಾವ ಬೆರಳಿಗೆ ಅಂತ ಕೇಳ್ಲಿಲ್ಲ ಸಾಮಿ. ಮನೆಯೋರು ಯಾರೋ ಕಟ್ಟವ್ರೆ ಅನ್ಕಂಡೆ."

ಮನೆಯವರು. ಕೋದಂಡಪ್ಪ ಲೈನು ಮನೆಗಳ ಕಡೆ ತಿರುಗಿದ.

ಮುನಿಸ್ವಾಮಪ್ಪನ ಹೆಂಡತಿ ಕದಿರಮ್ಮ ಇನ್ನೂ ಅದೇ ಲೈನು ಮನೆಯಲ್ಲಿದ್ದಳು. ಕಾವಲುಗಾರನ ಮನೆ ಬಿಡಿಸುವ ಕಾಗದ ಇನ್ನೂ ಬಂದಿರಲಿಲ್ಲ. ಅದೇ ಸಾಲಿನಲ್ಲಿ ಮೂರು ಬಾಗಿಲು ಆಚೆಗೆ ಪೆರುಮಾಳನ ಮನೆ. ಅವನ ಹೆಂಡತಿ ಮಂಗಮ್ಮ ತುಂಬಿದ ಬಸುರಿ, ನಲ್ಲಿಯ ಬಳಿ ಕೊಡ ಇಟ್ಟುಕೊಂಡು ನಿಂತಿದ್ದಳು. ಪೊಲೀಸಿನ ಟೋಪಿ ಕಂಡು ಸೆರಗು ಸರಿಮಾಡಿಕೊಂಡಳೇ ಹೊರತು ಏನನ್ನೂ ಕೇಳಲಿಲ್ಲ. ಕೇಳುವುದನ್ನೂ ಹೇಳುವುದನ್ನೂ ನಾಲ್ಕು ತಿಂಗಳಲ್ಲಿ ಮುಗಿಸಿದ್ದಳು. ಆ ಮಧ್ಯಾಹ್ನ ಗಂಡನಿಗೆ ಜ್ವರ, ಕಂಬಳಿ ಹೊದ್ದು ಮಲಗಿದ್ದ, ಕಲ್ಲು ಕದ್ದದ್ದು ನಿಜ, ಆಳು ಕೊಂದದ್ದು ನಿಜವಲ್ಲ. ಹೆಂಡತಿಯ ಮಾತು ಎಂದು ಎಲ್ಲರೂ ಅದನ್ನು ಪಕ್ಕಕ್ಕಿಟ್ಟಿದ್ದರು. ಕೋದಂಡಪ್ಪನೂ ಇಟ್ಟಿದ್ದ.

ಕದಿರಮ್ಮನ ಬಾಗಿಲಿಗೆ ಅಡ್ಡಲಾಗಿ ಹಗ್ಗದ ಮೇಲೆ ಒಗೆದ ಸೀರೆ ಹರವಿತ್ತು. ಕೋದಂಡಪ್ಪ ತಲೆ ತಗ್ಗಿಸಿ ಅದರಡಿ ನುಸುಳಿದ. ಅವಳು ಹೊಸಿಲ ಒಳಗೆ ಕೂತು, ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿತುಕುತ್ತಿದ್ದಳು. ಬೇಳೆ ಪುಳಕ್ಕನೆ ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು. ಇವತ್ತು ಗುರುವಾರ, ಜೈಲಿನ ಭೇಟಿಯ ದಿನವಲ್ಲವೇ, ತಮ್ಮನಿಗೆ ಬುತ್ತಿ ಒಯ್ಯಬೇಕು ಎಂದಳು. ಸಾಕ್ಷಿ ಹೇಳಿ ಮುಗಿಯುವವರೆಗೆ ಮಾಫಿಯವನನ್ನೂ ಜೈಲಿನಲ್ಲೇ ಇಡುತ್ತಾರೆ. ಮಾಫಿ ಸಿಕ್ಕಿತೆಂದು ಹೊಟ್ಟೆ ಸುಮ್ಮನಿರುತ್ತದೆಯೇ?

ಕೋದಂಡಪ್ಪ ಬಾಗಿಲಲ್ಲೇ ಕುಕ್ಕುರುಗಾಲಲ್ಲಿ ಕೂತು ಕಾಗದ ಬಿಚ್ಚಿದ. ಇದನ್ನು ಯಾವಾಗಲಾದರೂ ನೋಡಿದ್ದೀಯಾ ಎಂದು ಕೇಳಿದ. ಅವಳ ಬೆರಳು ನಿಂತಿತು. ಕೈ ಮಾತ್ರ ಮುಂದೆ ಬರಲಿಲ್ಲ.

"ಹೆಬ್ಬೆರಳಿಗೆ ಕಟ್ಟಿದ್ದು, ಕದಿರಮ್ಮ. ಯಾರು ಕಟ್ಟಿದ್ದಿರಬಹುದು?"

"ಯಾರೋ ಪುಣ್ಯಾತ್ಮರು." ಅವಳು ಮತ್ತೆ ಕಾಳು ಎತ್ತಿಕೊಂಡಳು. "ನಡೆದಾಡ್ದಂಗೆ ಇರ್ಲಿ ಅಂತ ಕಟ್ಟವ್ರೆ. ಆದ್ರೂ ನಡೀತಾನೆ ಸಾಮಿ."

ಬೆಳಗಿನ ಪಾಳಿಯ ಸೀಟಿ ಕೂಗುತ್ತಿದ್ದಂತೆ ಅವನ ಕೋಲಿನ ಸದ್ದು ಕೇಳುತ್ತದಂತೆ. ತುದಿಗೆ ಕಬ್ಬಿಣ ಬಿಗಿದಿದ್ದ ಕೋಲು. ನಲ್ಲಿಯಿಂದ ಶುರುವಾಗಿ ಕಲ್ಲುಚಪ್ಪಡಿಯ ಮೇಲೆ ಟಕ್ ಟಕ್ ಎಂದು ಬರುತ್ತದೆ. ಮಂಗಮ್ಮನ ಬಾಗಿಲ ಮುಂದೆ ನಿಲ್ಲುತ್ತದೆ. ತನ್ನ ಬಾಗಿಲಿಗೆ ಒಂದು ದಿನವೂ ಬಂದಿಲ್ಲ.

"ಯಾಕೆ ಅಲ್ಲೇ ನಿಲ್ಲುತ್ತಾನೆ?"

"ಅವನ್ನೇ ಕೇಳ್ಬೇಕು."

ಹಗ್ಗದ ಮೇಲಿನ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡು ಹನಿ ಕೋದಂಡಪ್ಪನ ಅಂಗೈಯಲ್ಲಿದ್ದ ಬಟ್ಟೆಚೂರಿನ ಮೇಲೆ ಬಿದ್ದವು. ಅವನು ಒರೆಸಲು ಹೋದ. ನಾಲ್ಕು ತಿಂಗಳ ಮಣ್ಣು ಕರಗಿ, ಅಡಿಯಲ್ಲಿ ಹಸಿರು ಕಂಡಿತು. ಹಸಿರಿನ ಮೇಲೆ ಎರಡು ಅರಿಶಿನದ ಎಳೆ. ಟವೆಲಿಗೆ ಇಷ್ಟು ಬಣ್ಣವೇ ಎಂದುಕೊಂಡ. ಆದರೆ ಅವನ ಮನಸ್ಸು ಆಗಲೇ ಬಂಗಾರಪೇಟೆಯ ಜೈಲಿನಲ್ಲಿತ್ತು. ತಮ್ಮವರಿಗೆ ಮಾತ್ರ ಕಟ್ಟುತ್ತಾರೆ. ಅಂದು ಶಾಫ್ಟಿನ ಬಳಿ ಇದ್ದವರಲ್ಲಿ ಮುನಿಸ್ವಾಮಪ್ಪನಿಗೆ ತನ್ನವನು ಅಂತ ಇದ್ದದ್ದು ಬಾಮೈದ ಒಬ್ಬನೇ.

*

ಸಬ್ ಜೈಲಿನ ಬಾಗಿಲಲ್ಲಿ ವಾರ್ಡರ್ ಅಶ್ವತ್ಥಪ್ಪ ಸಲಾಮು ಹೊಡೆದು, ಸರ್ಕಾರದ ಅಳಿಯಂದಿರು ಒಳಗಿದ್ದಾರೆ ಎಂದ. ಜಯರಾಮಪ್ಪನಿಗೆ ಅಲ್ಲಿ ಇಟ್ಟ ಹೆಸರು ಅದು. ಉಳಿದವರಿಗೆಲ್ಲ ಶಿಕ್ಷೆ ಕಾದಿದೆ, ಇವನಿಗೆ ಮಾತ್ರ ಮಾವನ ಮನೆಯ ಊಟ.

"ಅಳಿಯಂದ್ರಿಗೆ ನಿದ್ದೆ ಮಾತ್ರ ಕೊಡಾಕೆ ಆಗ್ಲಿಲ್ಲ ನೋಡಿ ಮಾವನ ಕೈಲಿ," ಎಂದು ಅಶ್ವತ್ಥಪ್ಪ ದನಿ ತಗ್ಗಿಸಿದ. "ಕಾಲ ಮಧ್ಯೆ ಇಟ್ಟಿಗೆ ಮಡೀಕಂಡು ಮಲಗ್ತಾನೆ ಸಾರ್. ಒಂದಿನ ಆಟಕ್ಕೆ ತೆಗೆದೆ. ಊರೆಲ್ಲ ಎದ್ದೇಳಂಗೆ ಕಿರುಚ್ದ."

"ಇಟ್ಟಿಗೆ ಯಾಕಂತೆ?"

"ಕಾಲು ಜೋಡಿಸಬಾರ್ದಂತೆ."

ಜಯರಾಮಪ್ಪ ಗೋಡೆಗೊರಗಿ ಕೂತಿದ್ದ. ಇಪ್ಪತ್ತೆಂಟರ ಆಳು, ನಲವತ್ತರ ಹಾಗೆ ಕಾಣುತ್ತಿದ್ದ. ಪಾದಗಳ ನಡುವೆ ಗೇಣು ಅಂತರ, ಅಂತರದಲ್ಲಿ ಇಟ್ಟಿಗೆ. ಸಾಹೇಬರು ಬಂದರೂ ಅವನು ಎದ್ದು ನಿಲ್ಲಲಿಲ್ಲ. ನಿಂತರೆ ಕಾಲು ಹತ್ತಿರ ಬರುತ್ತವೆ.

ಕೋದಂಡಪ್ಪ ಜೇಬಿನಿಂದ ಬಟ್ಟೆಚೂರು ತೆಗೆದು ಇಟ್ಟಿಗೆಯ ಮೇಲಿಟ್ಟ.

"ಇಣುಕಿಯೂ ನೋಡಲಿಲ್ಲ ಅಂದೆಯಲ್ಲಲೇ. ಇಳಿದು ಬೆರಳು ಕಟ್ಟಿ ಬಂದಿದ್ದೀಯ."

ಜಯರಾಮಪ್ಪ ಅದನ್ನು ಹಾವು ನೋಡುವಂತೆ ನೋಡಿದ.

ಕೋದಂಡಪ್ಪ ನಿಧಾನವಾಗಿ ಮಾಫಿಯ ಕರಾರನ್ನು ನೆನಪಿಸಿದ. ಗೊತ್ತಿರುವುದನ್ನೆಲ್ಲ, ಒಂದು ಕೂದಲೆಳೆಯನ್ನೂ ಮುಚ್ಚಿಡದೆ ಹೇಳುತ್ತೇನೆ ಎಂದು ಒಪ್ಪಿದ್ದಕ್ಕೆ ಮಾಫಿ ಸಿಕ್ಕಿದ್ದು. ಮುಚ್ಚಿಟ್ಟಿದ್ದಾನೆ ಎಂದು ಸರ್ಕಾರಿ ವಕೀಲರು ಒಂದು ಕಾಗದ ಬರೆದು ಕೊಟ್ಟರೆ ಆ ಮಾಫಿ ಬಿದ್ದುಹೋಗುತ್ತದೆ. ಆಮೇಲೆ ಅವನೂ ಎಲ್ಲರಂತೆ ಕಟಕಟೆ ಹತ್ತಬೇಕು.

"ನಾಳೆ ನಿಜ ಏಳಿದ್ರೆ ಮಾಫಿ ಇರ್ತದಾ ಸಾಮಿ?" ಎಂದ ಜಯರಾಮಪ್ಪ.

"ಇರಲ್ಲ. ಮೊದಲು ಹೇಳಿದ್ದು ಸುಳ್ಳಾಗುತ್ತಲ್ಲ."

"ಅದೇ ಸುಳ್ಳು ಏಳಿದ್ರೆ?"

ಸುಳ್ಳೆಂದು ರುಜುವಾಗದಿದ್ದರೆ ಮಾಫಿ ಉಳಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಜಯರಾಮಪ್ಪ ನಕ್ಕ. ಆ ನಗೆಯಲ್ಲಿ ಕೊಬ್ಬು ಇರಲಿಲ್ಲ, ಸೋತವನ ನಗೆ. ಆಮೇಲೆ ಅವನು ಇಟ್ಟಿಗೆಯ ಮೇಲಿನ ಬಟ್ಟೆಯಿಂದ ಕಣ್ಣು ಕೀಳದೆ ಹೇಳತೊಡಗಿದ. ಪೆರುಮಾಳ್ ಅಂದು ಬಂದೇ ಇರಲಿಲ್ಲ. ಕಲ್ಲು ಎತ್ತಿಕೊಳ್ಳಲು ತಾನೊಬ್ಬನೇ ಹೋಗಿದ್ದ. ಬಾವ ಶಾಫ್ಟಿನೊಳಗಿಂದ ಏಣಿ ಹತ್ತಿ ಮೇಲೆ ಬಂದ, ಊಟಕ್ಕೆ ಆ ತಂಪಿಗೆ ಇಳಿಯುತ್ತಿದ್ದನಂತೆ. ಗಾಡಿ ನೋಡಿದ, ಮೂಟೆ ಬಿಚ್ಚಿಸಿದ. ನಂಟಸ್ತಿಕೆ ಮನೆಯಲ್ಲಿ, ಇಲ್ಲಿ ಗಣಿಯ ಉಪ್ಪು ತಿನ್ನುತ್ತೇನೆ ಎಂದ. ಪೆರುಮಾಳನ ಸರಳು ಅಲ್ಲೇ ಬಿದ್ದಿತ್ತು. ಕೈಗೆ ಸಿಕ್ಕಿತು.

"ಒಡೆದೆ. ಶಾಫ್ಟೊಳಕ್ಕೆ ಬಿದ್ದ. ಸತ್ತನೇನೋ ನೋಡಾನ ಅಂತ ಇಳಿದೆ. ಬೆಂಕಿಕಡ್ಡಿ ಗೀರಿದೆ. ಕಣ್ಣು ಬಿಟ್ಕಂಡವ್ನೆ. ಜಯರಾಮಾ, ನೀರು ಅಂದ."

"ಕೊಟ್ಟೆಯಾ?"

"ಟವಲು ಬಾಯಿಗಿಟ್ಟು ಒತ್ತಿದೆ."

ಹೊರಗೆ ಗಂಟೆ ಹೊಡೆಯಿತು. ಹಾಗಾದರೆ ಪೆರುಮಾಳನ ಹೆಸರು ಎಲ್ಲಿಂದ ತಂದೆ ಎಂದು ಕೋದಂಡಪ್ಪ ಕೇಳಿದ.

ಜಯರಾಮಪ್ಪ ಮೊದಲ ಸಲ ತಲೆಯೆತ್ತಿದ.

"ನೀವ್ ಏಳಿದ್ರಿ ಸಾಮಿ."

"ನಾನಾ?"

"ತಲೆ ಬೋಳಿಸ್ಕಂಡಿದ್ರಿ. ಟೀ ಕುಡಿಸಿದ್ರಿ. ಒಬ್ಬನೇ ಮಾಡಿದ್ರೆ ಮಾಫಿ ಇಲ್ಲ ಕಣ್ಲಾ, ಜತೇಲಿ ಇನ್ನೊಬ್ಬ ಇದ್ರೆ ಅವನ ಹೆಸರು ಏಳಿದೋನಿಗೆ ಮಾತ್ರ ಅಂದ್ರಿ. ನಾನು ಸುಮ್ಕಿದ್ದೆ. ಸರಳು ಪೆರುಮಾಳಂದು, ಪೆರುಮಾಳ್ ಇದ್ನಾ ಅಂದ್ರಿ. ಊ ಅಂದೆ."

ಕೋದಂಡಪ್ಪನಿಗೆ ನೆನಪಾಯಿತು. ಟೀ ಲೋಟದ ಬಿಸಿ, ಬೋಳುತಲೆಗೆ ತಾಗುತ್ತಿದ್ದ ಗಾಳಿ, ಹನ್ನೊಂದು ದಿನದ ನಿದ್ದೆಗೆಟ್ಟ ಕಣ್ಣು. ಬೇಗ ಮುಗಿದರೆ ಸಾಕೆಂದು ಕೇಳಿದ್ದ ಒಂದೇ ಒಂದು ಪ್ರಶ್ನೆ. ಅದಕ್ಕೆ ಬಂದ ಒಂದೇ ಒಂದು ಊ. ಕಾಲಿಗೆ ಕಟ್ಟಿತ್ತಾ ಎಂದ ಸಾಹೇಬರಿಗೆ ಚಲಪತಿ ಹೇಳಿದ್ದೂ ಅದನ್ನೇ. ಆ ಸಾಹೇಬರ ಮೇಲೆ ಬೆಳಿಗ್ಗೆಯಿಂದ ಕುದಿಯುತ್ತಿದ್ದ ಸಿಟ್ಟು ತಿರುಗಿ ಬಂದು ಅವನ ಎದೆಯ ಮೇಲೇ ಕೂತಿತು.

ಇದನ್ನೇ ನಾಳೆ ಜಡ್ಜಿಯವರ ಮುಂದೆ ಹೇಳು ಎಂದ. ನಾನೂ ಕಟಕಟೆ ಹತ್ತಿ ನನ್ನ ತಪ್ಪು ಹೇಳುತ್ತೇನೆ, ಒಬ್ಬ ಬಸುರಿಯ ಗಂಡ ಉಳಿಯುತ್ತಾನೆ ಎಂದ. ಜಯರಾಮಪ್ಪ ತಲೆಯಲ್ಲಾಡಿಸಿದ. ಸಾಯಲು ಹೆದರಿಕೆಯಿಲ್ಲವಂತೆ, ಸತ್ತ ಮೇಲೆ ಹೆದರಿಕೆ. ಅಲ್ಲಿ ಬಾವ ಕಾದಿದ್ದಾನೆ.

"ನಿಮ್ ಮುಂದೆ ಏಳಿದ್ದು ಕೋರ್ಟಲ್ಲಿ ನಿಲ್ಲಾಕಿಲ್ಲ. ಅದನ್ನೂ ನೀವೇ ಏಳ್ಕೊಟ್ಟಿದ್ದು ಸಾಮಿ. ನಾಳೆ ನಾನು ಹಳೇದೇ ಏಳೋದು. ಸರ್ಕಾರ ಮಾಫಿ ಮಾಡ್ತು. ಬಾವ ಮಾಡಿಲ್ಲ. ಇಬ್ರ ಕೈಗೂ ಒಟ್ಗೆ ಸಿಕ್ಕಾಕಾಗಲ್ಲ ನಂಗೆ."

ಕೋದಂಡಪ್ಪ ಎದ್ದ. ಪೊಲೀಸಿನವನ ಮುಂದೆ ಒಪ್ಪಿದ ಮಾತಿಗೆ ಬೆಲೆಯಿಲ್ಲ. ಮಾಫಿಯವನ ಸುಳ್ಳಿಗೆ ಕಾನೂನೇ ಕಾವಲು. ಇನ್ನು ಉಳಿದದ್ದು ಗೇಣುದ್ದದ ಬಟ್ಟೆ. ಅದನ್ನು ಇಟ್ಟಿಗೆಯ ಮೇಲಿಂದ ಎತ್ತಿಕೊಳ್ಳುತ್ತ, ಕೊಂದವನೇ ಬೆರಳು ಕಟ್ಟಿದ್ದು ಯಾಕೆ, ಬಾವನ ಮೇಲಿನ ಮಮತೆಗೋ, ಎದ್ದು ಬಂದಾನೆಂಬ ಭಯಕ್ಕೋ ಎಂದ.

"ನಾನ್ ಕಟ್ಟಿಲ್ಲ ಸಾಮಿ."

"ಇನ್ನೂ ಸುಳ್ಳು ಯಾಕಲೇ?"

"ಅಕ್ಕನ ಆಣೆ. ಉಸ್ರು ನಿಂತ್ಮೇಲೆ ಏಣಿ ಅತ್ತಿದೆ. ನಾಕು ಮೆಟ್ಲು ಅತ್ತಿದ್ದೆ. ಕೆಳಗೆ ಬಟ್ಟೆ ಅರಿದ ಸದ್ದಾಯ್ತು."

ಎದ್ದಿದ್ದ ಕೋದಂಡಪ್ಪ ಮತ್ತೆ ಕೂತ.

"ಪರ್ ಅಂತ. ಒಂದೇ ಸಲ. ತಿರುಗಿ ನೋಡೋ ಧೈರ್ಯ ಆಗ್ಲಿಲ್ಲ. ಬಾವನೇ ಅರಿದು, ಬಾವನೇ ಕಟ್ಕಂಡವ್ನೆ. ಇನ್ನು ಅವನು ಕಟ್ಟೋದು ನನ್ನದೇ ಕಾಲು." ಜಯರಾಮಪ್ಪ ಎರಡೂ ಕೈಯಿಂದ ಇಟ್ಟಿಗೆಯನ್ನು ಪಾದಗಳ ನಡುವೆ ಇನ್ನಷ್ಟು ಒತ್ತಿ ಕೂರಿಸಿದ.

ಸತ್ತವರು ಬಟ್ಟೆ ಹರಿಯುವುದಿಲ್ಲ. ಆ ಕತ್ತಲಲ್ಲಿ, ಬೆಂಕಿಕಡ್ಡಿಯ ಬೆಳಕಿನಾಚೆ, ಬದುಕಿರುವವರು ಯಾರೋ ಕೂತು ಎಲ್ಲವನ್ನೂ ನೋಡಿದ್ದರು. ಪೆರುಮಾಳನನ್ನು ಉಳಿಸಬಲ್ಲ ಒಂದು ಜೊತೆ ಕಣ್ಣು ಲೋಕದಲ್ಲಿ ಇತ್ತು.

*

ಜೈಲಿನ ಮುಂದೆ ಹೊಂಗೆ ಮರ. ಸಂಜೆಗೆ ಇನ್ನೂ ಹೊತ್ತಿತ್ತು. ಕೋದಂಡಪ್ಪ ಮೆಟ್ಟಿಲಿಳಿದು ನಿಂತು, ಜೇಬಿನೊಳಗಿನ ಚೂರನ್ನು ಬೆರಳಲ್ಲಿ ಹೊಸಕುತ್ತ ಯೋಚಿಸಿದ. ಊಟಕ್ಕೆ ಆ ತಂಪಿಗೆ ಇಳಿಯುತ್ತಿದ್ದ. ಊಟ.

ಕಾವಲು ಕೆಲಸದವನಿಗೆ ಮಧ್ಯಾಹ್ನದ ಊಟ ತಂದುಕೊಡುತ್ತಿದ್ದವರು ಯಾರು?

ಮರದ ಕೆಳಗೆ ಹೆಂಗಸೊಬ್ಬಳು ಸಿಲವಾರದ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನ ನಂತರದ ಗಾಡಿಗೇ ಬಂದಿರಬೇಕು. ಬೆಳಿಗ್ಗೆ ಹಗ್ಗದ ಮೇಲಿದ್ದ ಸೀರೆ ಈಗ ಅವಳ ಮೈಮೇಲಿತ್ತು. ಹಸಿರು ಅಂಚು, ಅದರಲ್ಲಿ ಎರಡು ಅರಿಶಿನದ ಎಳೆ. ಎಡಗಾಲಿನ ಮೇಲೆ ಅಂಚು ಗೇಣುದ್ದಕ್ಕೆ ನಿಂತುಹೋಗಿ, ಅಲ್ಲಿ ಬೇರೆ ಬಣ್ಣದ ತೇಪೆಯನ್ನು ಸಣ್ಣ ಸಣ್ಣ ಹೊಲಿಗೆಯಲ್ಲಿ ಕೂಡಿಸಿತ್ತು.

ಕೋದಂಡಪ್ಪ ಹತ್ತಿರ ಹೋಗಿ ನಿಂತ. ಚೂರನ್ನು ಜೇಬಿನಿಂದ ತೆಗೆಯುವ ಅಗತ್ಯ ಬೀಳಲಿಲ್ಲ. ಕದಿರಮ್ಮ ಅವನ ಕಣ್ಣು ಬಿದ್ದ ಜಾಗವನ್ನು ನೋಡಿದಳು. ತೇಪೆಯನ್ನು ಮುಚ್ಚಿಕೊಳ್ಳಲಿಲ್ಲ.

ಇಳಿದದ್ದು ಯಾರೆಂದು ಕಂಡೆಯಾ ಎಂದು ಅವನು ಕೇಳಿದ. ಕಡ್ಡಿ ಗೀರಿದಾಗ ಕಂಡೆ ಎಂದಳು. ಕೂಗಲಿಲ್ಲವೇ ಎಂದ. ಬಾಯಿ ತೆರೆದಿದ್ದೆ, ದನಿ ಬರಲಿಲ್ಲ, ಇವತ್ತಿಗೂ ಅದೇ ಬಾಯಿ ತೆರೆದುಕೊಂಡೇ ಇದೆ ಎಂದಳು.

ನಾಳೆ ಕೋಲಾರಕ್ಕೆ ಬರಬೇಕಮ್ಮ ಎಂದ ಕೋದಂಡಪ್ಪ. ಮೂರು ಬಾಗಿಲಾಚೆ ಕೊಡ ಹಿಡಿದು ನಿಂತಿರುವವಳ ಮುಖ ನೋಡು, ಮುನಿಸ್ವಾಮಪ್ಪನ ಕೋಲು ಆ ಬಾಗಿಲಲ್ಲೇ ಯಾಕೆ ನಿಲ್ಲುತ್ತದೆ ಎಂದು ನಿನಗೆ ಗೊತ್ತು ಎಂದ.

ಕದಿರಮ್ಮ ಡಬ್ಬಿ ಎತ್ತಿಕೊಂಡು ಎದ್ದಳು. ಅವರೆಬೇಳೆ ಸಾರಿನ ಬಿಸಿ ಇನ್ನೂ ಆರಿರಲಿಲ್ಲ. ಜೈಲಿನ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು ತಿರುಗಿದಳು.

"ಗಂಡನ ಕಾಲು ಈ ಕೈಲಿ ಕಟ್ಟಿದೆ ಸಾಮಿ. ನಾನೇ ಎತ್ತಾಡಿಸಿದ ತಮ್ಮ ಅವ್ನು. ಅವನ ಕಾಲೂ ಇದೇ ಕೈಲಿ ಕಟ್ಟು ಅಂತೀರಾ?"